ಗುಡ್ಡದ ಮೇಲಿನ ಫ್ಯಾನು ಮೋಡ ಓಡಿಸುತ್ತವಾ?

ಪ್ರಶ್ನೆ: ನಮ್ಮದು ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿ. ಊರ ಹಿಂದಿನ ಗುಡ್ಡದ ಸಾಲಿನಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳಿವೆ. ಆಷಾಢ, ಶ್ರಾವಣದಲ್ಲಿ ದಿನಾ ಮೋಡ ಕವಿಯುತ್ತದೆ, ಹನಿ ಮಾತ್ರ ಬೀಳಲ್ಲ. ಮೋಡಗಳು ಫ್ಯಾನಿನ ಸಾಲು ದಾಟಿ ಆಂಧ್ರದ ಕಡೆ ಓಡಿಬಿಡುತ್ತವೆ. ಫ್ಯಾನು ಜೋರಾಗಿ ತಿರುಗಿದ ದಿನವಂತೂ ಮಳೆಯೇ ಇಲ್ಲ. ಫ್ಯಾನು ಬರುವ ಮುಂಚೆ ಕೆರೆ ಕೋಡಿ ಬೀಳುತ್ತಿತ್ತು ಅಂತ ನಮ್ಮ ದೊಡ್ಡಪ್ಪ ಹೇಳುತ್ತಾರೆ. ಈಗ ಇನ್ನಷ್ಟು ಫ್ಯಾನು ಹಾಕಲು ಜಾಗ ಕೇಳುತ್ತಿದ್ದಾರೆ. ಗ್ರಾಮಸಭೆಯಲ್ಲಿ ಜಗಳವೇ ಆಯಿತು. ಫ್ಯಾನಿನಿಂದ ಮಳೆ ಹೋಗುವುದು ನಿಜವಾ?

ಉತ್ತರ: ಇಲ್ಲ. ಫ್ಯಾನು ಮೋಡ ಓಡಿಸುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಬಹುಮಟ್ಟಿಗೆ ನಿಜ. ಫ್ಯಾನು ಜೋರಾಗಿ ತಿರುಗುವ ದಿನಗಳಲ್ಲಿ ನಿಮ್ಮ ಕಡೆ ಒಳ್ಳೆಯ ಮಳೆ ಬೀಳುವುದು ಅಪರೂಪ. ಇದನ್ನು ಕೇಳಿದ ಕೂಡಲೇ ಓದಿದವರು 'ಮೂಢನಂಬಿಕೆ' ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಸರಿ ಕಾಣಲ್ಲ. ಆಕಾಶ ನೋಡಿಕೊಂಡು ಬಿತ್ತನೆ ಮಾಡುವ ಜನ ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡದ್ದು ಸರಿ. ಕಾರಣ ಮಾತ್ರ ತಿರುಗುಮುರುಗಾಗಿದೆ.

ಹಿಂದೆ ಕಣ ಎಲ್ಲಿ ಮಾಡುತ್ತಿದ್ದರು ಅಂತ ನಿಮ್ಮ ದೊಡ್ಡಪ್ಪನನ್ನು ಕೇಳಿ. ಗಾಳಿ ಅಡ್ಡಿಯಿಲ್ಲದೆ ಬೀಸುವ ದಿಬ್ಬದ ಮೇಲೆ. ರಾಗಿ, ನವಣೆ ತೂರಬೇಕಾದರೆ ಅಂಥ ಜಾಗವೇ ಬೇಕು. ಕಣ ಇದ್ದ ಕಡೆ ಯಾವಾಗಲೂ ಗಾಳಿ. ಹಾಗಂತ ಕಣವೇ ಗಾಳಿ ಕರೆದು ತಂದಿತು ಅಂತ ಯಾರೂ ಹೇಳಲಿಲ್ಲ, ಅಲ್ವಾ? ಫ್ಯಾನಿನದೂ ಇದೇ ಲೆಕ್ಕ. ಹಾಕುವವರು ಮೊದಲು ಗುಡ್ಡದ ಮೇಲೆ ಒಂದು ಕಂಬ ನೆಟ್ಟು, ವರ್ಷಗಟ್ಟಲೆ ಗಾಳಿ ಅಳೆದು, ಸಾಕಷ್ಟು ಗಾಳಿ ಇದೆ ಅಂತ ಖಾತ್ರಿಯಾದ ಮೇಲೇ ಬಂದಿದ್ದಾರೆ. ಆ ಗಾಳಿ ಎಂಥದ್ದು ಅಂತ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಫ್ಯಾನು ತಿರುಗಿಸುವುದೂ ಅದೇ ಗಾಳಿ. ಆಷಾಢದಲ್ಲಿ ನಿಮಗೆ ಮಳೆ ಕೊಡದೆ ಹೋಗುವುದೂ ಅದೇ ಗಾಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಮೇಲೆ ಬೀಸುವುದು ಪಡುವಣ ಗಾಳಿ. ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತು ಬರುತ್ತದೆ. ಪಶ್ಚಿಮಘಟ್ಟ ಎದುರಾದಾಗ ಮೇಲೇರಲೇಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟೊಂದು ಆವಿ ಹಿಡಿದುಕೊಳ್ಳಲು ಆಗುವುದಿಲ್ಲ, ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 70 ಕಿ.ಮೀ. ದೂರದ ಶಿವಮೊಗ್ಗ. ಅಲ್ಲಿ ಒಂದು ಸಾವಿರ ಮಿ.ಮೀ. ಆಸುಪಾಸು. ಚಿತ್ರದುರ್ಗಕ್ಕೆ ಬಂದರೆ ಆರುನೂರರ ಆಚೀಚೆ. ಚಳ್ಳಕೆರೆಯಲ್ಲಿ ಇನ್ನೂ ಕಡಿಮೆ, ಐನೂರೂ ಮುಟ್ಟದ ವರ್ಷಗಳೇ ಜಾಸ್ತಿ. ದೊಡ್ಡ ಕುಸಿತ ಎಲ್ಲಾಯಿತು ನೋಡಿ. ಆಗುಂಬೆಗೂ ಶಿವಮೊಗ್ಗಕ್ಕೂ ನಡುವೆ. ನಿಮ್ಮ ಫ್ಯಾನಿನ ಸಾಲು ಕಣ್ಣಿಗೆ ಬೀಳುವ ಮೊದಲೇ ಆ ಗಾಳಿಯ ಜೋಳಿಗೆ ಬಹುಪಾಲು ಖಾಲಿಯಾಗಿರುತ್ತದೆ.

ಶಾಲೆಯ ಪುಸ್ತಕದಲ್ಲಿ ಇದಕ್ಕೆ 'ಮಳೆ ನೆರಳು' ಅಂತ ಹೆಸರು. ಘಟ್ಟ ಹತ್ತಿದ ಗಾಳಿ ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ ಅಂತ ಚಿತ್ರ ಬರೆದು ತೋರಿಸುತ್ತಾರೆ. ಆ ಚಿತ್ರ ನಮ್ಮ ಕಡೆಗೆ ಪೂರ್ತಿ ಹೊಂದುವುದಿಲ್ಲ. ಘಟ್ಟದ ಈಚೆ ಪಾತಾಳವೇನಿಲ್ಲ. ಆಗುಂಬೆಯೂ ಎತ್ತರದಲ್ಲಿದೆ, ಚಿತ್ರದುರ್ಗ ಪೇಟೆಯೂ ಸಮುದ್ರಮಟ್ಟದಿಂದ 700 ಮೀಟರ್ ಮೇಲೇ ಇದೆ. ಹಾಗಾಗಿ ನಮ್ಮ ಬರಗಾಲಕ್ಕೆ ಇಳಿಜಾರಿಗಿಂತ ಬೇರೆ ಎರಡು ಸಂಗತಿ ಮುಖ್ಯ. ಒಂದು, ಆವಿ ಆಗಲೇ ಖರ್ಚಾಗಿದೆ. ಎರಡನೆಯದು, ಉಳಿದ ಗಾಳಿಯನ್ನು ಮತ್ತೆ ಮೇಲಕ್ಕೆ ಎತ್ತುವವರು ಯಾರೂ ಇಲ್ಲ. ಈ ಎರಡನೆಯದರಲ್ಲೇ ನೀವು ದಿನಾ ನೋಡುವ ಮೋಡದ ಗುಟ್ಟಿದೆ.

ಮೋಡ ಇದ್ದರೆ ಮಳೆ ಬರಬೇಕು ಅನ್ನುವುದು ನಮ್ಮ ಆಸೆ. ಮೋಡದೊಳಗಿನ ಹನಿ ಎಷ್ಟು ದೊಡ್ಡದು ಗೊತ್ತಾ? ಮಿಲಿಮೀಟರಿನಲ್ಲಿ ನೂರು ಪಾಲು ಮಾಡಿ ಒಂದೆರಡು ಪಾಲು ತೆಗೆದುಕೊಂಡರೆ ಎಷ್ಟೋ ಅಷ್ಟು. ಅದು ಬೀಳುವುದಿಲ್ಲ, ತೇಲುತ್ತದೆ. ಅಂಥ ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಕೂಡಬೇಕಾದರೆ ಮೋಡ ದಪ್ಪಗಿರಬೇಕು, ಎತ್ತರಕ್ಕೆ ಬೆಳೆಯಬೇಕು, ಒಳಗೆ ಗಾಳಿ ಕುದಿಯಬೇಕು. ಆಷಾಢದಲ್ಲಿ ನಿಮ್ಮ ಮೇಲೆ ಓಡುವ ಮೋಡ ಹರಡಿದ ಹತ್ತಿಯ ಹಾಗೆ ತೆಳು. ನೋಡಲು ಕಪ್ಪಗಿದ್ದರೂ ತಲೆ ಎರಡು ಮೂರು ಕಿ.ಮೀ. ಎತ್ತರದಲ್ಲೇ ಮುಗಿದಿರುತ್ತದೆ. ಹೆಚ್ಚೆಂದರೆ ಒಂದು ತುಂತುರು. ಅದೂ ಕೆಲವು ಸಲ ಒಣ ಗಾಳಿಯಲ್ಲಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ.

ಬೆಳೆಯಲು ಬಿಡದಿರುವುದು ಏನು? ಆ ಗಾಳಿಯೇ. ನೆಲದಿಂದ ಒಂದು, ಒಂದೂವರೆ ಕಿ.ಮೀ. ಮೇಲೆ ಮುಂಗಾರಿನ ಪಡುವಣ ಗಾಳಿ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಹೋಗುವ ದಿನಗಳು ಸಾಮಾನ್ಯ. ಬೆಳಿಗ್ಗೆ ತಿಂಡಿ ಹೊತ್ತಿಗೆ ಆಗುಂಬೆಯ ಮೇಲಿದ್ದ ಗಾಳಿ ಮಧ್ಯಾಹ್ನದ ಊಟಕ್ಕೆ ನಿಮ್ಮ ಗುಡ್ಡದ ಮೇಲಿರುತ್ತದೆ. ಇನ್ನೂ ಮೇಲೆ ಹೋದರೆ, ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ, ಗಾಳಿ ಇದಕ್ಕೆ ಸರಿಯಾಗಿ ಉಲ್ಟಾ. ಮೂಡಲಿಂದ ಪಡುವಣಕ್ಕೆ ಬಲವಾಗಿ ಬೀಸುತ್ತದೆ. ಕೆಳಗೊಬ್ಬ ಈ ಕಡೆ, ಮೇಲೊಬ್ಬ ಆ ಕಡೆ ಎಳೆದರೆ ನಡುವೆ ಎದ್ದು ನಿಲ್ಲುವ ಮೋಡದ ಗತಿ ಏನು? ಸೊಂಟ ಮುರಿದು ಚದುರುತ್ತದೆ. ನೀವು ಕಂಡದ್ದು ಸರಿ ಅಂದೆನಲ್ಲ, ಮೋಡ ಚದುರಿಸುವವರು ಈ ಎರಡು ಗಾಳಿಗಳು. ಇನ್ನೊಂದು ಮಾತು. ಸಾಲು ದಾಟಿ ಹೋದದ್ದೂ ಬಂದದ್ದೂ ಒಂದೇ ಮೋಡ ಅಂತ ತಿಳಿಯಬೇಡಿ. ಇಂಥ ಚಿಕ್ಕ ಮೋಡದ ಆಯುಷ್ಯ ಸಾಮಾನ್ಯವಾಗಿ ಅರ್ಧ ಗಂಟೆಯೂ ಇಲ್ಲ. ಹುಟ್ಟುತ್ತಾ, ಕರಗುತ್ತಾ, ಮತ್ತೆ ಹುಟ್ಟುತ್ತಾ ಸಾಗುತ್ತವೆ. ಆಂಧ್ರದ ಕಡೆ ಹೋಗಿ ಅಲ್ಲೇನೂ ಸುರಿಯುವುದಿಲ್ಲ. ಅನಂತಪುರದವರನ್ನು ಕೇಳಿ, ಅವರ ಗೋಳು ನಿಮ್ಮದಕ್ಕಿಂತ ದೊಡ್ಡದು.

ಹಾಗಾದರೆ ನಿಮ್ಮ ಊರಿಗೆ ಮಳೆ ಕೊಡುವವರು ಯಾರು? ಭರಣಿ, ಕೃತ್ತಿಕೆಯಲ್ಲಿ ಗುಡುಗು ಮಿಂಚಿನ ಜೊತೆ ಬರುವ ಮಳೆ. ಆಮೇಲೆ ಉತ್ತರೆ, ಹಸ್ತ, ಚಿತ್ತೆ. ಚಿತ್ರದುರ್ಗದ ಕಡೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಪಡುವಣ ಗಾಳಿ ಸೋತಿರುತ್ತದೆ, ಬಂಗಾಳ ಕೊಲ್ಲಿಯ ಆವಿ ಈ ಕಡೆ ತಿರುಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಗಾಳಿಯನ್ನು ಮೇಲಕ್ಕೆ ಒದೆಯುತ್ತದೆ. ಮೋಡ ಹತ್ತು ಹನ್ನೆರಡು ಕಿ.ಮೀ. ಎತ್ತರ ಬೆಳೆಯುತ್ತದೆ. ಮೂಡಲ ಕಡೆಯಿಂದ ಕಪ್ಪಾಗಿ ಎದ್ದು ಬರುವ ಮಳೆಯನ್ನು ನೀವು ನೋಡಿಯೇ ಇರುತ್ತೀರಿ.

ಈಗ ಫ್ಯಾನಿನ ಕಡೆ ನೋಡಿ. ರಾಜ್ಯದ ಗಾಳಿ ವಿದ್ಯುತ್ತು ಅತಿ ಹೆಚ್ಚು ಹುಟ್ಟುವುದು ಜೂನ್‌ನಿಂದ ಆಗಸ್ಟ್ ತನಕ. ಹಸ್ತ, ಚಿತ್ತೆಯ ಹೊತ್ತಿಗೆ ಎಷ್ಟೋ ದಿನ ರೆಕ್ಕೆಗಳು ಸುಮ್ನೆ ನಿಂತಿರುತ್ತವೆ. ಅಂದರೆ ಫ್ಯಾನು ಭರ್ರನೆ ತಿರುಗುವ ಕಾಲ ನಿಮಗೆ ಮಳೆ ಕಡಿಮೆ ಇರುವ ಕಾಲ, ಫ್ಯಾನು ನಿಲ್ಲುವ ಕಾಲ ನಿಮಗೆ ಮಳೆಯ ಕಾಲ. ಇದನ್ನು ಇಪ್ಪತ್ತು ವರ್ಷ ನೋಡಿದವರಿಗೆ ಅನುಮಾನ ಬರದಿದ್ದರೇ ಆಶ್ಚರ್ಯ.

ಹೆಸರೂ ಒಂದು ಮೋಸ ಮಾಡಿದೆ ಅಂತ ನನಗೆ ಅನ್ನಿಸುತ್ತದೆ. ನಾವು ಅದನ್ನು 'ಫ್ಯಾನು' ಅಂದೆವು. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಬೀಸುತ್ತದೆ. ಎದುರಿಗಿದ್ದ ಕಾಗದ ಹಾರಿಸುತ್ತದೆ. ಹಾಗೇ ಗುಡ್ಡದ ಫ್ಯಾನು ಮೋಡ ಹಾರಿಸುತ್ತದೆ ಅಂತ ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ಆದರೆ ಗುಡ್ಡದ್ದು ಉಲ್ಟಾ. ಅದು ಗಾಳಿ ತಿಂದು ಕರೆಂಟು ಕೊಡುತ್ತದೆ. ಹಿಂದಕ್ಕೆ ಹೋಗುವ ಗಾಳಿ ಮುಂದಿನದಕ್ಕಿಂತ ನಿಧಾನ. ತಳ್ಳುವುದಿಲ್ಲ, ತಡೆಯುತ್ತದೆ. ಅದೂ ಪೂರ್ತಿ ತಡೆಯಲು ಸಾಧ್ಯವಿಲ್ಲ. ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59 ಪಾಲಿಗಿಂತ ಜಾಸ್ತಿ ಯಾವ ಯಂತ್ರವೂ ಕೀಳಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ಲೆಕ್ಕ ಮಾಡಿ ತೋರಿಸಿದ್ದಾರೆ.

ಲೆಕ್ಕದ ಮಾತು ಬಂತಲ್ಲ, ಒಂದು ಲೆಕ್ಕ ನಾವೇ ಮಾಡೋಣ. ಆವಿ ನೀರಾಗುವಾಗ ಶಾಖ ಬಿಡುತ್ತದೆ. ಮೋಡವನ್ನು ಮೇಲಕ್ಕೆ ಬೆಳೆಸುವ ಇಂಧನ ಅದೇ. ಒಂದು ಚದರ ಕಿ.ಮೀ. ಜಾಗದಲ್ಲಿ ಬರೀ ಒಂದು ಮಿ.ಮೀ. ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಅಷ್ಟು ನೀರು ಆವಿಯಿಂದ ಇಳಿಯುವಾಗ ಬಿಡುವ ಶಾಖವನ್ನು ಕರೆಂಟಿನ ಯೂನಿಟ್‌ಗೆ ತಿರುಗಿಸಿದರೆ ಸುಮಾರು 7 ಲಕ್ಷ ಯೂನಿಟ್. ಎರಡು ಮೆಗಾವಾಟಿನ ಒಂದು ಫ್ಯಾನು ಸರಾಸರಿ ಕಾಲುಭಾಗ ಶಕ್ತಿಯಲ್ಲಿ ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 12,000 ಯೂನಿಟ್. ಆ ಒಂದು ಮಿಲಿಮೀಟರಿನ ಸಮ ಬರಲು ಅದು ಹತ್ತಿರ ಹತ್ತಿರ ಎರಡು ತಿಂಗಳು ತಿರುಗಬೇಕು. ನೂರು ಚದರ ಕಿ.ಮೀ. ಜಾಗದ ಮೇಲೆ 20 ಮಿ.ಮೀ. ಹದ ಮಳೆ ಆದರೆ ಸುಮಾರು 140 ಕೋಟಿ ಯೂನಿಟ್. ನೂರು ಫ್ಯಾನು ಮೂರು ವರ್ಷ ತಿರುಗಿದರೂ ಅಷ್ಟಾಗುವುದಿಲ್ಲ. ಅದು ಒಂದು ಸಂಜೆಯ ಮಳೆ. ಗೂಳಿಯ ಬೆನ್ನ ಮೇಲೆ ಸೊಳ್ಳೆ ಕೂತ ಹಾಗೆ.

ಎತ್ತರವನ್ನೂ ನೋಡಿ. ಈಗಿನ ದೊಡ್ಡ ಫ್ಯಾನಿನ ರೆಕ್ಕೆ ತುದಿ ನೆಲದಿಂದ 200 ಮೀಟರ್ ಹತ್ತಿರ ಮುಟ್ಟಬಹುದು. ಹಳೆಯವು ಇನ್ನೂ ಕುಳ್ಳು. ಮಳೆಮೋಡ ಹತ್ತು ಕಿ.ಮೀ. ಮೀರಿದ್ದು. ಮುಂಗಾರಿನಲ್ಲಿ ಜೋಗಿಮಟ್ಟಿಯಂಥ ಎತ್ತರದ ಗುಡ್ಡಕ್ಕೆ ಮೋಡವೇ ಇಳಿದು ಮಂಜು ಕವಿಯುತ್ತದಲ್ಲ, ಆಗ ಮಾತ್ರ ಫ್ಯಾನು ಮೋಡದೊಳಗೇ ನಿಂತಿರುತ್ತದೆ. ಅಂಥ ದಿನ ಗುಡ್ಡದ ಸಾಲಿನಲ್ಲಿ ನಿಂತು ನೋಡಿದ್ದೇನೆ. ರೆಕ್ಕೆ ಕಾಣುವುದಿಲ್ಲ, ಸುಂಯ್ ಸುಂಯ್ ಸದ್ದು ಮಾತ್ರ. ಮಂಜು ಮಾತ್ರ ಚದುರುವುದಿಲ್ಲ.

ಹಾಗಂತ ಫ್ಯಾನು ಗಾಳಿಗೆ ಏನೂ ಮಾಡುವುದಿಲ್ಲ ಅಂತ ಹೇಳಿದರೆ ನಾನೂ ಅರ್ಧ ಸತ್ಯ ಹೇಳಿದ ಹಾಗೆ. ಅವು ಗಾಳಿಯನ್ನು ಕಲಕುತ್ತವೆ, ಮಜ್ಜಿಗೆ ಕಡೆದ ಹಾಗೆ. ರಾತ್ರಿ ನೆಲದ ಹತ್ತಿರ ತಂಪು ಗಾಳಿ, ಸ್ವಲ್ಪ ಮೇಲೆ ಬೆಚ್ಚನೆಯದು ಇರುತ್ತದೆ. ರೆಕ್ಕೆ ಅದನ್ನು ಕೆಳಗಿಳಿಸುತ್ತದೆ. ಹಾಗಾಗಿ ಫ್ಯಾನಿನ ತೋಪಿನ ಆಸುಪಾಸು ರಾತ್ರಿ ಕೊಂಚ ಬೆಚ್ಚಗಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಗೊರ್ಗೋನಿಯೊ ಎಂಬಲ್ಲಿ ತೆಗೆದ ಅಳತೆಯನ್ನು ಸೋಮನಾಥ ಬೈದ್ಯ ರಾಯ್ ಮತ್ತು ಅವರ ಜೊತೆಗಾರರು ಪರಿಶೀಲಿಸಿ 2010ರಲ್ಲಿ ಇದನ್ನು ತೋರಿಸಿದರು. ಎರಡು ವರ್ಷದ ನಂತರ ಟೆಕ್ಸಸ್‌ನ ದೊಡ್ಡ ಫ್ಯಾನು ಬಯಲುಗಳ ಉಪಗ್ರಹ ಚಿತ್ರದಲ್ಲೂ ಅದೇ ಕಂಡಿತು. ಇದು ನೆಲಕ್ಕೆ ಹತ್ತಿದ ಗಾಳಿಯ ಮಾತು. ಮಳೆಯ ಮಾತಲ್ಲ.

ಇನ್ನೊಂದು ನನಗೆ ತುಂಬಾ ಇಷ್ಟದ ಉದಾಹರಣೆ. 2008ರ ಫೆಬ್ರವರಿ 12ರಂದು ಡೆನ್ಮಾರ್ಕಿನ ಹತ್ತಿರ ಸಮುದ್ರದಲ್ಲಿರುವ ಹಾರ್ನ್ಸ್ ರೆವ್ ಫ್ಯಾನುಗಳ ಫೋಟೋ ತೆಗೆದರು. ಒಂದೊಂದು ಫ್ಯಾನಿನ ಬೆನ್ನ ಹಿಂದೆ ಬಿಳಿ ಮಂಜಿನ ಬಾಲ. ತೇವದ ಗಾಳಿಯನ್ನು ಫ್ಯಾನು ಕಲಕಿದ್ದರಿಂದ ಅಲ್ಲಿ ಮೋಡ ಹುಟ್ಟಿತ್ತು! ಸಹಾರಾ ಮರುಭೂಮಿಯ ತುಂಬಾ ಫ್ಯಾನು, ಸೋಲಾರ್ ಹಾಕಿದರೆ ಏನಾದೀತು ಅಂತ 2018ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದವರಿಗೆ ಬಂದ ಉತ್ತರ ಮಳೆ ಹೆಚ್ಚುತ್ತದೆ ಅಂತ. ಫ್ಯಾನುಗಳಿಂದ ನೆಲ ಒರಟಾದಂತಾಗಿ ಗಾಳಿ ತಡೆದು ಮೇಲೇರುತ್ತದೆ ಎಂಬುದು ಒಂದು ಕಾರಣ. ಅದು ಲಕ್ಷಗಟ್ಟಲೆ ಚದರ ಕಿ.ಮೀ. ಲೆಕ್ಕ, ನಮ್ಮ ಗುಡ್ಡಕ್ಕೆ ಹಚ್ಚಬೇಡಿ. ನಾಳೆ ಕಂಪನಿಯವರು 'ಫ್ಯಾನು ಹಾಕಿದರೆ ಮಳೆ ಬರುತ್ತೆ' ಅಂತ ಬಂದರೆ ಅದನ್ನೂ ನಂಬಬೇಡಿ.

ಇನ್ನು ದೊಡ್ಡಪ್ಪನ ಮಾತು. ಜಿಲ್ಲೆಯಲ್ಲಿ ಫ್ಯಾನುಗಳು ಹೆಚ್ಚಾಗಿದ್ದು 2000ದ ಈಚೆಗೆ. ಅದಕ್ಕೂ ಮುಂಚೆ ಇಲ್ಲಿ ಮಳೆ ಸುರಿಯುತ್ತಿತ್ತಾ? ಕೋಟೆ ಹತ್ತಿ ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಕೆಳಗೆ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆ ಒಂದರಿಂದ ಒಂದಕ್ಕೆ ಇಳಿಯುವ ಹಾಗೆ ಮಾಡಿದ ಏರ್ಪಾಡು. ಧಾರಾಳ ಮಳೆ ಬೀಳುವ ಊರಿನವರು ಹನಿ ಹನಿಗೆ ಹೀಗೆ ಹೊಂಚು ಹಾಕುವುದಿಲ್ಲ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು ನೋಡಿ, ಹುಲ್ಲು, ಜಾಲಿ, ಕುರುಚಲು. ಒಣ ಸೀಮೆಯ ಗಿಡಗಂಟಿ ನೂರಾರು ವರ್ಷದಿಂದ ಇಲ್ಲೇ ಇದೆ. ಮೈಸೂರು ಸಂಸ್ಥಾನದವರು ವೇದಾವತಿಗೆ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾಯಬೇಕಾಯಿತು. ಆ 89 ವರ್ಷದಲ್ಲಿ ಹೆಚ್ಚುಪಾಲು ಕಾಲ ಗುಡ್ಡದ ಮೇಲೆ ಫ್ಯಾನೇ ಇರಲಿಲ್ಲ. ಎರಡನೇ ಸಲ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಫ್ಯಾನುಗಳೆಲ್ಲ ನೆಟ್ಟಗೆ ನಿಂತಿದ್ದಾಗ. ಮೂರನೇ ಸಲ 2025ರ ಜನವರಿಯಲ್ಲಿ.

ಇದರಲ್ಲಿ ಒಂದು ತಿದ್ದುಪಡಿ ಇದೆ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಜಲಾಶಯಕ್ಕೆ ನೀರು ಬರುವುದು ಬಹುಪಾಲು ಕಡೂರು, ಹೊಸದುರ್ಗದ ಕಡೆಯ ಮಳೆಯಿಂದ. ಈಚೆಗೆ ಭದ್ರಾ ನೀರನ್ನೂ ಎತ್ತಿ ಹರಿಸುತ್ತಿದ್ದಾರೆ. ಆದ್ದರಿಂದ ಅದನ್ನು ನಿಮ್ಮ ಊರಿನ ಮಳೆಮಾಪಕ ಅಂತ ಹಿಡಿಯಬಾರದು. ಆದರೆ 2022ರಲ್ಲಿ ಜಿಲ್ಲೆಯ ಸಣ್ಣಪುಟ್ಟ ಕೆರೆಗಳೂ ಕೋಡಿ ಬಿದ್ದದ್ದು ನಿಮಗೇ ನೆನಪಿರಬೇಕು. ಮರುವರ್ಷ ಎಲ್ ನಿನೊ ಬಂತು, ಅಂದರೆ ಶಾಂತಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಸ್ಥಿತಿ. 2023ರ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಸಾರಿತು. ಅದರಲ್ಲಿ ಒಂದು ಫ್ಯಾನೂ ಇಲ್ಲದ ತಾಲ್ಲೂಕು ಎಷ್ಟೋ. ಅದೇ ಫ್ಯಾನು, ಒಂದು ವರ್ಷ ಕೋಡಿ, ಮರುವರ್ಷ ಬರ.

ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ. ಅವರು ಮಳೆಯನ್ನು ಕೆರೆಯಲ್ಲಿ ಅಳೆಯುತ್ತಿದ್ದಾರೆ, ಅಷ್ಟೇ. ಕೆರೆ ತುಂಬದಿರಲು ಮಳೆ ಕಡಿಮೆಯಾಗಿರಲೇಬೇಕು ಅಂತಿಲ್ಲ. ಹೂಳು ತುಂಬಿದೆ. ನೀರು ಬರುವ ಹಳ್ಳ ಒತ್ತುವರಿಯಾಗಿದೆ. ಸುತ್ತಲಿನ ಬೋರ್‌ವೆಲ್‌ಗಳು ನೆಲದಾಳದ ನೀರು ಹೀರಿದ್ದರಿಂದ ಬಿದ್ದ ಮಳೆ ಮೊದಲು ಒಣನೆಲದ ಬಾಯಾರಿಕೆ ತೀರಿಸಬೇಕು, ಮಿಕ್ಕರೆ ಕೆರೆಗೆ. ಮಳೆ ಬೀಳುವ ರೀತಿಯೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಬಿದ್ದರೆ ಒಂದೇ ಸಲ ಸುರಿಯುವ, ಆಮೇಲೆ ವಾರಗಟ್ಟಲೆ ಮುಖ ತೋರಿಸದ ಸ್ವಭಾವ ಹೆಚ್ಚುತ್ತಿರುವುದಕ್ಕೆ ಇದೊಂದು ಕಾರಣ. ಶೇಂಗಾ ಹಾಕಿದವರಿಗೆ ವರ್ಷದ ಒಟ್ಟು ಲೆಕ್ಕ ಕಟ್ಟಿಕೊಂಡು ಏನು ಪ್ರಯೋಜನ? ಕಾಯಿ ಕಟ್ಟುವಾಗ ಬರದ ಮಳೆ ಬಂದರೂ ಬಾರದ ಹಾಗೇ.

ಗ್ರಾಮಸಭೆಯ ಜಗಳದ ಬಗ್ಗೆ ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ಮಳೆಯ ಮಾತು ಮುಂದಿಟ್ಟರೆ ಕಂಪನಿಯವರಿಗೆ ಅನುಕೂಲ. ಒಬ್ಬ ತಜ್ಞನನ್ನು ಕರೆತಂದು ಐದು ನಿಮಿಷದಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ನಿಜವಾದ ತಕರಾರುಗಳು ಹಿಂದೆ ಉಳಿದುಬಿಡುತ್ತವೆ. ರೆಕ್ಕೆ ಹೊತ್ತ ಉದ್ದನೆಯ ಲಾರಿ ಹತ್ತಲು ಗುಡ್ಡ ಸೀಳಿ ರಸ್ತೆ ಮಾಡುತ್ತಾರೆ. ಆ ಮಣ್ಣು ಮೊದಲ ಜೋರು ಮಳೆಗೆ ಕೊಚ್ಚಿ ಕೆಳಗಿನ ಹೊಲಕ್ಕೆ, ಕೆರೆಗೆ ಬರುತ್ತದೆ. ರಸ್ತೆ ಪಕ್ಕದ ಚರಂಡಿ ಹಳ್ಳದ ದಾರಿಯನ್ನೇ ತಪ್ಪಿಸಬಹುದು. ಕಡಿದ ಮರಕ್ಕೆ ಬದಲು ಎಲ್ಲಿ ನೆಡುತ್ತಾರೆ, ಕುರಿ ಮೇಯಿಸುವ ದಾರಿ ಉಳಿಯುತ್ತದಾ, ಮನೆಗಳಿಂದ ಎಷ್ಟು ದೂರ, ಹಕ್ಕಿಗಳ ಪಾಡೇನು, ಜಮೀನಿನ ಕರಾರು ಎಷ್ಟು ವರ್ಷದ್ದು, ಯಂತ್ರ ಹಳತಾದರೆ ಬಿಚ್ಚಿ ಒಯ್ಯುವ ಹೊಣೆ ಯಾರದು. ಇವನ್ನು ಬರೆದುಕೊಂಡು ಹೋಗಿ.

ಮಳೆಯ ವಿಷಯದಲ್ಲಿ ನನ್ನ ಮಾತನ್ನೂ ಸುಮ್ನೆ ಒಪ್ಪಬೇಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ನಿಮ್ಮ ಹೋಬಳಿಯದೂ ಫ್ಯಾನಿಲ್ಲದ ಪಕ್ಕದ ಹೋಬಳಿಯದೂ ಲೆಕ್ಕ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಮನೆಯಲ್ಲೂ ಅಳೆಯಬಹುದು. ಮೇಲಿಂದ ಕೆಳಗೆ ಒಂದೇ ಅಗಲದ ಡಬ್ಬ ಒಂದು ಬಯಲಲ್ಲಿಡಿ. ಮನೆ, ಮರದ ಎತ್ತರ ಎಷ್ಟೋ ಅದರ ಎರಡರಷ್ಟು ದೂರ ಇರಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಒಳಗಿನ ನೀರಿಗೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ಅಂತ ಬರೆದು ಚೆಲ್ಲಿ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಅವತ್ತು ಫ್ಯಾನು ತಿರುಗಿತಾ ನಿಂತಿತ್ತಾ ಅಂತ. ಆರಿದ್ರೆಯಿಂದ ಶುರು ಮಾಡಿ ಚಿತ್ತೆ ತನಕ ಬರೆಯಿರಿ. ದೊಡ್ಡಪ್ಪನವರ ಕೈಲೇ ಬರೆಸಿದರೆ ಇನ್ನೂ ಒಳ್ಳೆಯದು.